ಶರಣಬಸಮ್ಮನ ಅಳತೆಯ ಸೈಕಲ್ಲು

ಬೆಳಿಗ್ಗೆ ಏಳಕ್ಕೆ ಒಂದು ಕೂಸು, ಎಂಟೂವರೆಗೆ ಇನ್ನೊಂದು, ಹತ್ತಕ್ಕೆ ಮೂರನೆಯದು. ಒಂದು ಮಿಯಾಪುರದಲ್ಲಿ, ಒಂದು ಹಫೀಜ್‌ಪೇಟೆಯ ರೈಲು ಹಳಿಯ ಆಚೆ, ಮತ್ತೊಂದು ಕೊಂಡಾಪುರದ ಹೊಸ ಅಪಾರ್ಟ್‌ಮೆಂಟಿನ ಆರನೇ ಮಹಡಿಯಲ್ಲಿ. ಶರಣಬಸಮ್ಮ ಮೂರೂ ಕಡೆ ನಡೆದೇ ಹೋಗುತ್ತಿದ್ದಳು.

ಕೂಸಿಗೆ, ಬಾಣಂತಿಗೆ ಎಣ್ಣೆ ತಿಕ್ಕಿ ಎರೆಯುವುದು ಅವಳ ಕಸುಬು. ರಾಯಚೂರು ಜಿಲ್ಲೆಯ ಮಾನ್ವಿ ಕಡೆಯ ಹಳ್ಳಿಯಲ್ಲಿ ಅವಳು ಸೂಲಗಿತ್ತಿಯಾಗಿದ್ದವಳು. ಗಂಡ ಅಂಬಾದಾಸ ಗಾರೆ ಕೆಲಸದ ಗೌಂಡಿ. ಹೈದರಾಬಾದಿನಲ್ಲಿ ದೊಡ್ಡ ದೊಡ್ಡ ಕಟ್ಟಡಗಳು ಏಳತೊಡಗಿದಾಗ ಅವನ ಹಿಂದೆ ಬಂದಳು. ಮೊದಮೊದಲು ಅವಳೂ ತಲೆಯ ಮೇಲೆ ಇಟ್ಟಿಗೆ ಹೊತ್ತಳು. ಆಮೇಲೆ, ಅದೇ ಕಟ್ಟಡಗಳಿಗೆ ಕಂಪ್ಯೂಟರ್ ಕೆಲಸದ ಹುಡುಗ ಹುಡುಗಿಯರು ಬಂದು ಸಂಸಾರ ಹೂಡಿದರು, ಅವರಿಗೆ ಮಕ್ಕಳಾದವು. ಮೈಸೂರಿನಿಂದಲೋ ಮಂಗಳೂರಿನಿಂದಲೋ ಬಾಣಂತನಕ್ಕೆ ಬಂದ ಅಮ್ಮಂದಿರು ಒಂದೆರಡು ತಿಂಗಳಿದ್ದು ಹೊರಟುಬಿಡುವರು. ಕೂಸಿನ ಕತ್ತು ಇನ್ನೂ ನಿಂತಿರುವುದಿಲ್ಲ, ನೀರು ಹಾಕಲು ಎಳೆಯ ತಾಯಿಗೆ ಧೈರ್ಯ ಸಾಲದು. "ಎರೆಯೋಕೆ ಕನ್ನಡದವರು ಯಾರಾದರೂ ಸಿಗ್ತಾರಾ?" ಎಂದು ವಾಚ್‌ಮನ್‌ಗಳನ್ನು ಕೇಳುವರು. ವಾಚ್‌ಮನ್‌ಗಳು ಶರಣಬಸಮ್ಮನ ಗುಡಿಸಲು ತೋರಿಸುವರು.

2006ರ ಚಳಿಗಾಲದಲ್ಲಿ ಅವಳ ಬಲ ಮೊಣಕಾಲು ಊದಿಕೊಂಡಿತು. ಹೊತ್ತೇರಿದರೆ ಕೂಸು ಹಸಿದು ಅಳುತ್ತದೆ, ಹಾಲು ಕುಡಿಸಿದ ಮೇಲೆ ಎರೆಯುವಂತಿಲ್ಲ. ಅದಕ್ಕೆ ಅವಳು ಕುಂಟುತ್ತಲೇ ಓಡುತ್ತಿದ್ದಳು. ಶೇರ್ ಆಟೋಗಳು ದೊಡ್ಡ ರಸ್ತೆಯಲ್ಲೇ ಇಳಿಸಿ ಹೋಗುತ್ತಿದ್ದವು. ಅಲ್ಲಿಂದ ಒಳಗೆ ಒಂದೊಂದು ಗೇಟಿಗೂ ಮೈಲುಗಟ್ಟಲೆ ನಡಿಗೆ. ಸರಕಾರಿ ದವಾಖಾನೆಯ ಡಾಕ್ಟರು ಮೊಣಕಾಲು ಒತ್ತಿ ನೋಡಿ, ನಡೆಯುವುದು ಕಡಿಮೆ ಮಾಡು ಎಂದರು. "ನಡೀದಿದ್ರ ಹೊಟ್ಟಿಗೆ?" ಎಂದು ಅವಳು ತನ್ನಷ್ಟಕ್ಕೆ ಗೊಣಗಿದ್ದನ್ನು ಕೇಳಿ ಅವರಿಗೆ ನಗು ಬಂತು. ಸೈಕಲ್ ಹೊಡೆದರೆ ಮೊಣಕಾಲಿಗೆ ಭಾರ ಬೀಳುವುದಿಲ್ಲ, ಆದರೆ ಈ ವಯಸ್ಸಿನಲ್ಲಿ ನಿನಗೆ ಎಲ್ಲಿಂದ ಬರಬೇಕು ಎಂದು ಹಿಂದಿಯಲ್ಲಿ ಹೇಳಿದರು.

"ಆತಾ ಸಾಬ್," ಎಂದಳು ಶರಣಬಸಮ್ಮ. ಬರುತ್ತದೆ.

ಸುಳ್ಳಲ್ಲ. ಅವಳಿಗೆ ನಲವತ್ತು ತುಂಬಿದ ವರ್ಷ ಊರಿನ ಕಂಪೌಂಡರ ಮಗಳು ಮದುವೆಯಾಗಿ ಹೋಗುತ್ತ, ತಾನು ಶಾಲೆಗೆ ಹೊಡೆಯುತ್ತಿದ್ದ ಸಣ್ಣ ಸೈಕಲ್ಲನ್ನು ಅವಳಿಗೆ ಕೊಟ್ಟಿದ್ದಳು. ಆ ಹುಡುಗಿಯನ್ನು ಈ ಲೋಕಕ್ಕೆ ಬರಮಾಡಿಕೊಂಡವಳು ಶರಣಬಸಮ್ಮನೇ. ಅವಳು ಕಾಲುವೆಯ ಏರಿಯ ಮೇಲೆ ಎಂಟು ದಿನ ಬಿದ್ದು ಎದ್ದು ಕಲಿತಳು. ಆಮೇಲೆ ನಾಲ್ಕು ವರ್ಷ, ಯಾವ ಹಳ್ಳಿಯಲ್ಲಿ ಯಾರಿಗೆ ಹೆರಿಗೆ ಬ್ಯಾನಿ ಎದ್ದರೂ ಕಚ್ಚೆ ಬಿಗಿದು ಸೈಕಲ್ ಹತ್ತುತ್ತಿದ್ದಳು. ಹೈದರಾಬಾದಿಗೆ ಹೊರಟಾಗ ಅದನ್ನು ತಂಗಿಯ ಮಗಳಿಗೆ ಕೊಟ್ಟು ಬಂದಳು. ಅದಾಗಿ ಹದಿಮೂರು ವರ್ಷ. ಈಗ ಅವಳಿಗೆ ಐವತ್ತೇಳು.

ಅಂಬಾದಾಸ ಮಾತು ಕಡಿಮೆಯ ಮನುಷ್ಯ. ಹೆಂಡತಿ ಸೈಕಲ್ ಎಂದಾಗ ನಗಲಿಲ್ಲ, ಬೇಡ ಎನ್ನಲೂ ಇಲ್ಲ. ಅವಳನ್ನು ಗುಡಿಸಲ ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿ, ತನ್ನ ಮಟ್ಟದ ಪಟ್ಟಿ ತಂದು, ಎರಡು ಕಾಲಿನ ನಡುವೆ ಹಿಡಿದುಕೊಳ್ಳಲು ಹೇಳಿದ. ಪಟ್ಟಿಯೊಳಗಿನ ಗುಳ್ಳೆ ನಡುವೆ ಬಂದು ನಿಂತ ಮೇಲೆ ಟೇಪು ಹಿಡಿದು ನೆಲದವರೆಗೆ ಅಳೆದ.

"ಇಪ್ಪತ್ನಾಕ ಇಂಚು," ಎಂದ. "ಸರಿಯಾಗಿ ಆರಿಂಚಿನ ನಾಕ ಮೆಟ್ಟಲಾ."

"ಗಿಡ್ಡಿ ಅನ್ನೂದು ನಂಗೇನ್ ಹೊಸಾದೇನ್ರಿ?" ಎಂದು ಶರಣಬಸಮ್ಮ ನಕ್ಕಳು. ಅವಳ ಒಟ್ಟು ಎತ್ತರ ನಾಲ್ಕು ಅಡಿ ಆರು ಇಂಚು.

ಅಂಬಾದಾಸ ಆ ಅಳತೆಯನ್ನು ಒಂದು ಸಿಮೆಂಟ್ ಚೀಲದ ಕಾಗದದ ಮೇಲೆ ಬರೆದು ಜೇಬಿನಲ್ಲಿಟ್ಟುಕೊಂಡ.

ರವಿವಾರ ಇಬ್ಬರೂ ಚಂದಾನಗರದ ಸೈಕಲ್ ಅಂಗಡಿಗೆ ಹೋದರು. ಅಂಗಡಿಯವನು ಹೆಂಗಸರ ಸೈಕಲ್ ಎಂದು ತೋರಿಸಿದ್ದು ಅವಳ ಎದೆಯ ಮಟ್ಟಕ್ಕಿತ್ತು. ಸೀಟನ್ನು ಪೂರ್ತಿ ಕೆಳಗಿಳಿಸಿ, ಅಂಬಾದಾಸ ಹಿಂದಿನಿಂದ ಹಿಡಿದು ಅವಳನ್ನು ಕೂರಿಸಿದ. ಎರಡೂ ಪಾದಗಳು ಗಾಳಿಯಲ್ಲಿ ತೂಗಾಡಿದವು. ಪೆಡಲ್ ಕೆಳಗೆ ಹೋದಾಗ ಅದನ್ನು ಮುಟ್ಟಲು ಅವಳು ಸೊಂಟವನ್ನು ಅತ್ತಿತ್ತ ಜಾರಿಸಬೇಕಾಯಿತು. ಆಗ ಅಂಗಡಿಯವನು ಒಳಗಿನಿಂದ ಮಕ್ಕಳ ಸೈಕಲ್ಲೊಂದನ್ನು ತಂದ. ಗುಲಾಬಿ ಬಣ್ಣದ್ದು, ಹಿಡಿಕೆಯ ತುದಿಗೆ ಜರಿಯ ಕುಚ್ಚು. ಅದರ ಮೇಲೆ ಅವಳ ಕಾಲೇನೋ ನೆಲಕ್ಕೆ ಹತ್ತಿತು. ಆದರೆ ತುಳಿಯಹೋದರೆ ಮೊಣಕಾಲು ಹಿಡಿಕೆಗೆ ಬಡಿಯುತ್ತಿತ್ತು, ಸೀಟಿನ ಕೊಳವೆ ಅವಳ ಭಾರಕ್ಕೆ ಕಿರ್ ಎನ್ನುತ್ತಿತ್ತು. ಅಂಗಡಿಗೆ ಬಂದಿದ್ದ ಇಬ್ಬರು ಮಕ್ಕಳು ಬಾಯಿಬಿಟ್ಟು ನೋಡುತ್ತ ನಿಂತರು.

ಅಂಗಡಿಯವನು ಒಳ್ಳೆಯವನೇ. ಸೈಕಲ್ಲನ್ನು ಹಿಂದಕ್ಕೆ ತಳ್ಳುತ್ತ ತೆಲುಗಿನಲ್ಲಿ ಹೇಳಿದ: "ಅಮ್ಮಾ, ಮಕ್ಕಳಿಗೆ ಮಾಡ್ತಾರೆ, ದೊಡ್ಡವರಿಗೆ ಮಾಡ್ತಾರೆ. ನಿಮ್ಮಂಥವರಿಗೆ ಅಂತ ಯಾರೂ ಮಾಡೋದಿಲ್ಲ."

ಮುಂದಿನ ಎರಡು ರವಿವಾರ ಲಿಂಗಂಪಲ್ಲಿ, ಕೂಕಟ್‌ಪಲ್ಲಿ ಸುತ್ತಿದರು. ಕೊಂಡಾಪುರದಲ್ಲಿ ಹೊಸದಾಗಿ ತೆರೆದ ಗಾಜಿನ ಅಂಗಡಿಗೂ ಹೋದರು. ಅಲ್ಲಿ ಗೇರಿನ ಸೈಕಲ್ಲುಗಳನ್ನು ಗೋಡೆಗೆ ನೇತುಹಾಕಿದ್ದರು. ಒಳಗಿದ್ದ ಹುಡುಗ ಅವರನ್ನು ನೋಡಿ, ಯಾವ ಸಾಹೇಬರು ಕಳಿಸಿದ್ದು ಎಂದು ಕೇಳಿದ. ಯಾರೂ ಕಳಿಸಿಲ್ಲ, ಇವಳಿಗೇ ಬೇಕು ಎಂದಾಗ ಅವನು ಗೋಡೆಯ ಕಡೆ ನೋಡಿದ. ಅಂಬಾದಾಸ ಹೆಂಡತಿಯ ತೋಳು ಹಿಡಿದು ಹೊರಗೆ ಕರೆತಂದ.

ಕೊಂಡಾಪುರದ ಕೂಸಿನ ತಾಯಿ ಭವಾನಿ, ಮೈಸೂರಿನವಳು. ಹೆರಿಗೆ ರಜೆಯಲ್ಲಿದ್ದ ಅವಳಿಗೆ ದಿನಕ್ಕೊಮ್ಮೆ ಕನ್ನಡದಲ್ಲಿ ಮಾತಾಡಲು ಸಿಗುತ್ತಿದ್ದವಳು ಶರಣಬಸಮ್ಮ. ಬಚ್ಚಲಲ್ಲಿ ಕಾಲು ಚಾಚಿ ಕೂಸನ್ನು ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತ ಅವಳು ಸೈಕಲ್ಲಿನ ಕತೆ ಹೇಳಿದಾಗ ಭವಾನಿ ಬಾಗಿಲಿಗೊರಗಿ ನಗುತ್ತ ಕೇಳಿದಳು. ಆಮೇಲೆ ತಟ್ಟನೆ, "ತಾಳಿ ಶರಣಮ್ಮ, ನಮ್ಮನೇಲೇ ಒಂದಿದೆ," ಎಂದಳು.

ಅವಳ ಗಂಡ ಉಪೇಂದ್ರ ಕಂಪನಿಯ ಕೆಲಸದ ಮೇಲೆ ಜರ್ಮನಿಗೆ ಹೋಗಿದ್ದಾಗ ತಂದಿದ್ದ ಮಡಿಚುವ ಸೈಕಲ್ಲು ಬಾಲ್ಕನಿಯಲ್ಲಿ ಧೂಳು ತಿನ್ನುತ್ತಿತ್ತು. ಸಣ್ಣ ಚಕ್ರ, ಮೊಣಕಾಲಿನ ಮಟ್ಟಕ್ಕೆ ಬಾಗಿದ ಒಂದೇ ಕೊಳವೆ, ಸೀಟು ಬೇಕಾದಷ್ಟು ಕೆಳಗಿಳಿಯುತ್ತಿತ್ತು. ಭವಾನಿ ಅದನ್ನು ಲಿಫ್ಟಿನಲ್ಲಿ ಇಳಿಸಿ ತಂದಳು. ಶರಣಬಸಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಳು. ಎರಡೂ ಪಾದಗಳು ನೆಲದ ಮೇಲೆ ಗಟ್ಟಿಯಾಗಿ ಊರಿದವು.

ಒಂದು ಕ್ಷಣ ಹಿಡಿಕೆ ಅತ್ತಿತ್ತ ಹೊಯ್ದಾಡಿತು. ಆಮೇಲೆ ಹದಿಮೂರು ವರ್ಷ ಎಲ್ಲಿ ಹೋದವೋ. ಪಾರ್ಕಿಂಗಿನ ಕಂಬಗಳ ನಡುವೆ, ಹುಲ್ಲುಹಾಸಿನ ಸುತ್ತ, ನೀರಿಲ್ಲದ ಕಾರಂಜಿಯ ಸುತ್ತ ಮೂರು ಸುತ್ತು ಹೊಡೆದಳು. ಮೊಣಕಾಲು ನೋಯಲೇ ಇಲ್ಲ. ಭವಾನಿ ಕೂಸನ್ನು ಎತ್ತಿಕೊಂಡು ಅದರ ಪುಟ್ಟ ಕೈಯಿಂದ ಚಪ್ಪಾಳೆ ತಟ್ಟಿಸಿದಳು. ಮೇಲಿನ ಮಹಡಿಗಳಲ್ಲಿ ಇಬ್ಬರು ಮೂವರು ಬಗ್ಗಿ ನೋಡಿದರು.

"ಉಪೇಂದ್ರನ್ನ ಕೇಳ್ತೀನಿ. ಅವನು ಹೊಡೆಯೋದೇ ಇಲ್ಲ," ಎಂದಳು ಭವಾನಿ.

ಮರುದಿನ ಭವಾನಿ ಆ ವಿಷಯ ಎತ್ತಲಿಲ್ಲ. ಅದರ ಮರುದಿನವೂ ಇಲ್ಲ. ನಾಲ್ಕನೆಯ ದಿನ ಶರಣಬಸಮ್ಮ ಕೂಸಿನ ಬಟ್ಟೆ ಒಣಹಾಕಲು ಬಾಲ್ಕನಿಗೆ ಹೋದಾಗ ಸೈಕಲ್ಲು ಅಲ್ಲಿರಲಿಲ್ಲ. ಮಲಗುವ ಕೋಣೆಯ ಕಪಾಟಿನ ಹಿಂದಿನಿಂದ ಅದರ ಚಕ್ರದ ಅಂಚು ಕಾಣುತ್ತಿತ್ತು, ಮೇಲೆ ಚಾದರ ಹೊದಿಸಿದ್ದರು. ಅವಳು ಬಟ್ಟೆ ಹರವಿ ಒಳಗೆ ಬಂದಳು. ಆ ದಿನ ಭವಾನಿ ಅವಳಿಗೆ ಚಹಾದ ಜೊತೆ ಎರಡು ಚಕ್ಕುಲಿ ಹೆಚ್ಚಿಗೆ ಇಟ್ಟಳು.

"ಅವ್ರ ಸಾಮಾನ, ಅವ್ರ ಇಚ್ಛಾ," ಎಂದ ಅಂಬಾದಾಸ, ಇದನ್ನು ಕೇಳಿ. ಆಮೇಲೆ ಜೇಬಿನ ಕಾಗದ ತೆಗೆದು ನೋಡಿ, "ಸಿಗಲಿಲ್ಲಂದ್ರ ಮಾಡಿಸೂಣು," ಎಂದ.

ಬೇಗಂ ಬಜಾರಿನ ಸಗಟು ಅಂಗಡಿಗಳ ಹಿಂದಿನ ಓಣಿಯಲ್ಲಿ ಜಹಾಂಗೀರ್ ಸಾಬ್ ಎಂಬ ಮುದುಕರಿದ್ದರು. ತಳ್ಳುಗಾಡಿ, ಸೈಕಲ್ ರಿಕ್ಷಾ ಬೆಸುಗೆ ಹಾಕುತ್ತಿದ್ದ ಅವರಿಗೆ ರಿಕ್ಷಾಗಳೇ ಇಲ್ಲದಂತಾದ ಮೇಲೆ ಕೆಲಸ ಕಡಿಮೆಯಾಗಿತ್ತು. ಅಂಬಾದಾಸ ಜೇಬಿನಿಂದ ಸಿಮೆಂಟ್ ಕಾಗದ ತೆಗೆದು ಕೊಟ್ಟ. ಅವರು ಕನ್ನಡಕ ಹಣೆಗೇರಿಸಿ ಓದಿ, ಶರಣಬಸಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹಾಥ್ ದಿಖಾವ್," ಎಂದರು. ಅವಳ ತೋಳಿನ ಉದ್ದವನ್ನೂ ದಾರ ಹಿಡಿದು ಅಳೆದರು. ಇದುವರೆಗೆ ಯಾವ ಅಂಗಡಿಯವನೂ ಅವಳ ತೋಳನ್ನು ಅಳೆದಿರಲಿಲ್ಲ.

"ಬನ್ ಜಾತಾ," ಎಂದರು. "ಕೈಕು ನೈ ಬನ್ತಾ?" ಆಗುತ್ತದೆ, ಯಾಕಾಗಬಾರದು.

ಹಳೆಯ ಹೆಂಗಸರ ಸೈಕಲ್ಲೊಂದರ ಚೌಕಟ್ಟನ್ನು ಗರಗಸದಿಂದ ಕೊಯ್ದು ಮೋಟು ಮಾಡಿ, ಮತ್ತೆ ಬೆಸೆದು, ಸಣ್ಣ ಚಕ್ರ ಕೂರಿಸಿದರು. ಮೂರು ವಾರ ಹಿಡಿಯಿತು. ಹಸಿರು ಬಣ್ಣ ಹಚ್ಚಿದ್ದರು. ಟ್ರಾಲಿ ಆಟೋದಲ್ಲಿ ಅದನ್ನು ಮಿಯಾಪುರಕ್ಕೆ ತಂದ ಸಂಜೆ ಗುಡಿಸಲುಗಳ ಹೆಂಗಸರೆಲ್ಲ ಬಂದು ಮುಟ್ಟಿ ನೋಡಿದರು.

ಸೀಟು ಸರಿಯಿತ್ತು. ಹಿಡಿಕೆ ತಾನಾಗಿ ಕೈಗೆ ಬಂದಂತಿತ್ತು. ಒಂದೇ ಕೊರತೆ: ಚೌಕಟ್ಟು ಮೋಟಾದ್ದರಿಂದ ಮುಂದಿನ ಚಕ್ರ ಪೆಡಲಿಗೆ ತೀರ ಹತ್ತಿರ ಬಂದಿತ್ತು. ಹಿಡಿಕೆಯನ್ನು ಪೂರ್ತಿ ತಿರುವಿದರೆ ಚಪ್ಪಲಿಯ ತುದಿ ಚಕ್ರಕ್ಕೆ ತಾಗುತ್ತಿತ್ತು. ಜಹಾಂಗೀರ್ ಸಾಬ್ ಇದನ್ನು ಮೊದಲೇ ತೋರಿಸಿ, ತಿರುವಿನಲ್ಲಿ ಜೋಪಾನ, ಕಾಲು ಮೇಲೆ ಇಟ್ಟುಕೋ ಎಂದು ಎರಡು ಸಲ ಹೇಳಿದ್ದರು.

ನಾಲ್ಕು ಸಂಜೆ ಖಾಲಿ ಸೈಟುಗಳ ನಡುವೆ ಅವಳು ಹೊಡೆದಳು, ಅಂಬಾದಾಸ ಕ್ಯಾರಿಯರ್ ಹಿಡಿದು ಹಿಂದೆ ಓಡಿದ. ಐದನೆಯ ಸಂಜೆ ಅವನು ಯಾವಾಗ ಕೈ ಬಿಟ್ಟನೋ ಅವಳಿಗೆ ಗೊತ್ತಾಗಲಿಲ್ಲ. ತಿರುಗಿ ನೋಡಿದರೆ ದೂರದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

ಹನ್ನೊಂದು ದಿನ ಶರಣಬಸಮ್ಮ ಸೈಕಲ್ಲಿನ ಮೇಲೆ ಕೆಲಸಕ್ಕೆ ಹೋದಳು. ಮುಕ್ಕಾಲು ಗಂಟೆಯ ದಾರಿ ಹದಿನೈದು ನಿಮಿಷಕ್ಕೆ ಇಳಿಯಿತು. ಹಫೀಜ್‌ಪೇಟೆಯ ಮನೆಗೆ ಬೇಗ ತಲುಪಿ, ಕೂಸು ಏಳುವವರೆಗೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಐಟಿ ಬಸ್ಸುಗಳ ಕಿಟಕಿಯಿಂದ ಹುಡುಗರು ಕೈ ಬೀಸುವರು. ಒಮ್ಮೆ ಅವಳೂ ಬೀಸಿದಳು.

ಹನ್ನೆರಡನೆಯ ದಿನ ಬಿದ್ದಳು. ಬೀಳುವಂಥದ್ದು ಏನೂ ಇರಲಿಲ್ಲ. ಯಾವ ಗಾಡಿಯೂ ಗುದ್ದಲಿಲ್ಲ, ಮಳೆಯಿರಲಿಲ್ಲ. ಕೊಂಡಾಪುರದ ರಸ್ತೆಯಲ್ಲಿ ಕೇಬಲ್ ಹಾಕಲು ತೋಡಿದ್ದ ಗುಂಡಿಯನ್ನು ಬಳಸಿ ಹೋಗಲು, ನಡೆಯುವುದಕ್ಕಿಂತ ನಿಧಾನವಾಗಿ ಹಿಡಿಕೆ ತಿರುವಿದಳು. ಬಲಗಾಲಿನ ಬೆರಳು ಚಕ್ರಕ್ಕೆ ಸಿಕ್ಕಿತು. ಸೈಕಲ್ಲು ನಿಂತಲ್ಲೇ ನಿಂತು ಪಕ್ಕಕ್ಕೆ ಮಗುಚಿತು. ಅವಳು ಬಲಗೈ ಊರಿದಳು. ಒಳಗೆ ಏನೋ ಮುರಿದದ್ದು ಅವಳಿಗೆ ಕೇಳಿಸಿತು.

ಹತ್ತು ಗಂಟೆಯಾಗುತ್ತ ಬಂದಿತ್ತು. ಎದ್ದು, ಸೈಕಲ್ಲನ್ನು ಎಡಗೈಯಿಂದ ತಳ್ಳಿಕೊಂಡು ಭವಾನಿಯ ಮನೆಗೇ ಹೋದಳು. ಬಚ್ಚಲಿನಲ್ಲಿ ಕೂತು ಕಾಲು ಚಾಚಿದಳು. ಭವಾನಿ ಕೂಸನ್ನು ತಂದವಳು ಅವಳ ಮಣಿಕಟ್ಟನ್ನು ನೋಡಿ ಅಲ್ಲೇ ನಿಂತಳು. ಅದು ಸೌಟಿನ ಹಿಡಿಯಂತೆ ಬಾಗಿತ್ತು.

"ಏನಿದು ಶರಣಮ್ಮ!"

"ಏನಿಲ್ರಿ ಅಕ್ಕಾರ. ಕೊಡ್ರಿ ಕೂಸನ್ನ. ಹಸಿತೈತಿ."

ಭವಾನಿ ಕೂಸನ್ನು ಕೊಡಲಿಲ್ಲ. ಪಕ್ಕದ ಮನೆಯವರಿಗೆ ಅದನ್ನು ಒಪ್ಪಿಸಿ, ತಾನೇ ಕಾರು ಹೊಡೆದು ಆಸ್ಪತ್ರೆಗೆ ಕರೆದೊಯ್ದಳು. ಎಕ್ಸ್‌ರೇ ತೆಗೆಸಿ, ಮೊಣಕೈವರೆಗೆ ಪ್ಲಾಸ್ಟರ್ ಹಾಕಿಸಿ, ಅಂಬಾದಾಸ ಕೆಲಸದಿಂದ ಬರುವವರೆಗೆ ಅವಳ ಗುಡಿಸಲಿನಲ್ಲಿ ಕೂತಿದ್ದಳು. ಹೊರಡುವಾಗ ಅವಳ ಕಣ್ಣಲ್ಲಿ ನೀರಿತ್ತು. "ಆ ಸೈಕಲ್ ನಿಮಗೇ ಕೊಟ್ಟುಬಿಡಬೇಕಿತ್ತು," ಎಂದಳು. ಶರಣಬಸಮ್ಮ ಎಡಗೈಯಿಂದ ಅವಳ ತೋಳು ಸವರಿದಳು. "ನಿಮ್ಮ ತಪ್ಪೇನೈತ್ರಿ," ಎಂದಳು.

ಏಳು ವಾರದ ಮೇಲೆ ಪ್ಲಾಸ್ಟರ್ ಒಡೆದರು. ಎಲುಬು ಸೊಟ್ಟಗೆ ಕೂಡಿತ್ತು. ಮುದಿ ಎಲುಬು, ಇಷ್ಟೇ ಎಂದರು ಡಾಕ್ಟರು. ಅಷ್ಟರಲ್ಲಿ ಮಿಯಾಪುರದ ಕೂಸಿಗೂ ಹಫೀಜ್‌ಪೇಟೆಯ ಕೂಸಿಗೂ ಬೇರೆಯವರು ಸಿಕ್ಕಿದ್ದರು. ಭವಾನಿ ಮಾತ್ರ ಯಾರನ್ನೂ ಇಟ್ಟುಕೊಳ್ಳದೆ, ತಾನೇ ಹೇಗೋ ಎರೆದುಕೊಂಡು ಕಾಯ್ದಿದ್ದಳು. ಫೋನು ಮಾಡಿ, ಬನ್ನಿ ಎಂದಳು.

ಕೂಸು ಬೆಳೆದಿತ್ತು. ಶರಣಬಸಮ್ಮನನ್ನು ಕಂಡು ಹಲ್ಲಿಲ್ಲದ ಬಾಯಿ ತೆರೆದು ನಕ್ಕಿತು. ಅವಳು ಎಡಗೈಯಿಂದ ಎಣ್ಣೆ ತಿಕ್ಕಿದಳು, ಬಲಗೈಯನ್ನು ಕತ್ತಿನ ಕೆಳಗೆ ಕೊಟ್ಟಳು. ಎರಡು ತಂಬಿಗೆ ನೀರು ಸರಿಯಾಗಿಯೇ ಆಯಿತು. ಮೂರನೆಯದಕ್ಕೆ ಎಣ್ಣೆಯ ಮೈಯ ಕೂಸು ಮಿಸುಕಿತು, ಮಣಿಕಟ್ಟು ತಡೆಯಲಿಲ್ಲ. ತಲೆ ಜಾರಿ ಅವಳ ಮೊಣಕಾಲ ಕೆಳಗಿನ ಎಲುಬಿಗೆ ಮೆತ್ತಗೆ ಬಡಿಯಿತು. ಏನೂ ಆಗಲಿಲ್ಲ. ಕೂಸು ಅಳಲೂ ಇಲ್ಲ. ಟವೆಲ್ ಹಿಡಿದು ಬೆನ್ನು ತಿರುಗಿಸಿದ್ದ ಭವಾನಿ ನೋಡಲೂ ಇಲ್ಲ.

ಶರಣಬಸಮ್ಮ ಕೂಸನ್ನು ಒರೆಸಿ, ನೆತ್ತಿ ಮೂಸಿ, ಭವಾನಿಯ ಕೈಗೆ ಕೊಟ್ಟಳು.

"ಅಕ್ಕಾರ, ನಾ ಇನ್ನ ಬರಂಗಿಲ್ರಿ."

"ಯಾಕೆ? ಈಗ ತಾನೇ..."

"ಕೈಯಾಗ ಕಸುವಿಲ್ಲ. ಕೂಸು ಜಾರ್ತು. ನೀವು ನೋಡಲಿಲ್ಲ, ನಾ ನೋಡಿದೆ." ಅವಳ ದನಿ ಸಮವಾಗಿಯೇ ಇತ್ತು. "ಮುನ್ನೂರು ಕೂಸು ಎರದೀನಿ. ಒಂದೂ ಜಾರಿದ್ದಿಲ್ಲ."

ಭವಾನಿ ತಡೆಯಲಿಲ್ಲ. ಕೂಸನ್ನು ಎದೆಗೆ ಇನ್ನಷ್ಟು ಒತ್ತಿಕೊಂಡಳು. ಅದನ್ನು ಶರಣಬಸಮ್ಮ ನೋಡಿದಳು, ಅದು ಸರಿಯೇ ಎಂದೂ ಅವಳಿಗನ್ನಿಸಿತು.

ಈ ನಡುವೆ ಅಂಬಾದಾಸ ಬೇಗಂ ಬಜಾರಿಗೆ ಹೋಗಿ ಆದದ್ದನ್ನು ಹೇಳಿದ್ದ. ಬೈಯಲು ಹೋದವನಲ್ಲ, ಆದರೂ ಜಹಾಂಗೀರ್ ಸಾಬರು ಕೈಯಲ್ಲಿದ್ದ ಹತ್ಯಾರ ಕೆಳಗಿಟ್ಟು, ತಪ್ಪು ನನ್ನದು ಎಂದರು. ಸೈಕಲ್ಲನ್ನು ತರಿಸಿಕೊಂಡು ಮತ್ತೆ ಕೊಯ್ದರು. ಮುಂದಿನ ಕವಲನ್ನು ಆಚೆಗೆ ಬಾಗಿಸಿದರು, ಪೆಡಲಿನ ತೋಳುಗಳನ್ನು ಒಂದಿಂಚು ಗಿಡ್ಡ ಮಾಡಿದರು. ಒಂದು ಪೈಸೆ ಮುಟ್ಟಲಿಲ್ಲ.

ಸೈಕಲ್ಲು ಬಂದ ದಿನ ಅಂಬಾದಾಸ ಅದನ್ನು ಖಾಲಿ ಸೈಟಿಗೆ ತಳ್ಳಿಕೊಂಡು ಹೋದ. ಶರಣಬಸಮ್ಮ ಕೂತಳು. ಪಾದ ನೆಲಕ್ಕೆ ಊರಿತು. ಅಂಬಾದಾಸ ಬಗ್ಗಿ ಕೂತು ಹಿಡಿಕೆಯನ್ನು ಪೂರ್ತಿ ತಿರುವಿ ನೋಡಿದ. ಚಪ್ಪಲಿಗೂ ಚಕ್ರಕ್ಕೂ ನಡುವೆ ಎರಡು ಬೆರಳು ಜಾಗವಿತ್ತು. ಅವಳ ಮೈಗೆ ಹೊಲಿದಂತಿತ್ತು ಸೈಕಲ್ಲು. ಕಂಪೌಂಡರ ಮಗಳದ್ದೂ ಇಷ್ಟು ಸರಿಯಿರಲಿಲ್ಲ, ಜರ್ಮನಿಯದ್ದೂ ಇರಲಿಲ್ಲ.

"ಹೊಡಿ," ಎಂದ.

ಅವಳು ಬಲಗೈ ಹಿಡಿಕೆಯ ಮೇಲಿಟ್ಟು ಬ್ರೇಕು ಒತ್ತಿದಳು. ಬೆರಳುಗಳು ಅರ್ಧಕ್ಕೆ ಬಂದು ನಿಂತವು. ಮತ್ತೆ ಒತ್ತಿದಳು. ಎಡಗೈಯ ಬ್ರೇಕೊಂದೇ ಸಾಕು ಎಂದುಕೊಂಡು ತುಳಿದಳು. ಹತ್ತು ಮಾರು ಹೋಗುವಷ್ಟರಲ್ಲಿ ನೆಲದ ಕಲ್ಲುಗಳ ಅದುರು ಮಣಿಕಟ್ಟಿನಿಂದ ಹೆಗಲಿನವರೆಗೆ ಏರಿತು. ಕೈ ತಾನಾಗಿ ಹಿಡಿಕೆ ಬಿಟ್ಟಿತು. ಅವಳು ಎರಡೂ ಪಾದ ನೆಲಕ್ಕೆ ಎಳೆದು ನಿಲ್ಲಿಸಿದಳು.

ಅಂಬಾದಾಸ ಓಡಿ ಬಂದ. "ಅಂಜಿಕಿ ಬಂತೇನು?"

"ಅಂಜಿಕಿ ಅಲ್ರಿ." ಅವಳು ಇಳಿಯದೆ ಹಾಗೇ ಕೂತಿದ್ದಳು. "ಅಂಜಿಕಿ ಆಗಿದ್ರ ಹೋಗ್ತಿತ್ತು."

ಅವನು ಪಕ್ಕದಲ್ಲಿ ನಿಂತು ಸೈಕಲ್ಲನ್ನು ಹಿಡಿದುಕೊಂಡ. ಎದುರಿನ ಕಟ್ಟಡದ ಒಂಬತ್ತನೇ ಮಹಡಿಗೆ ಸೆಂಟ್ರಿಂಗ್ ಕಟ್ಟುತ್ತಿದ್ದರು.

"ಇಪ್ಪತ್ನಾಕ ಇಂಚಿನ ಮನಶ್ಯಾರು ಯಾರರ ಅದಾರೇನ ಕೇಳಲ್ಯಾ? ಕೊಡೂಣು," ಎಂದ ಕೊನೆಗೆ.

"ಬ್ಯಾಡ," ಎಂದಳು.

ಆ ಬೇಸಿಗೆಯಲ್ಲಿ ಗುಡಿಸಲುಗಳಿಗೆ ಬರುತ್ತಿದ್ದ ನೀರಿನ ಟ್ಯಾಂಕರು ದೊಡ್ಡ ರಸ್ತೆಯಲ್ಲೇ ನಿಲ್ಲತೊಡಗಿತು. ಶರಣಬಸಮ್ಮ ಹಿಡಿಕೆಗೊಂದು, ಕ್ಯಾರಿಯರಿಗೊಂದು ಪ್ಲಾಸ್ಟಿಕ್ ಕೊಡ ಕಟ್ಟಿ, ಎಡಗೈಯಿಂದ ಹಿಡಿಕೆ ಹಿಡಿದು, ಬಲ ಮೊಣಕೈಯನ್ನು ಸೀಟಿನ ಮೇಲೆ ಊರಿ ತಳ್ಳಿಕೊಂಡು ಬರುತ್ತಿದ್ದಳು. ಸೀಟಿನ ಎತ್ತರ ಊರಲು ಸರಿಯಿತ್ತು. ಮೊಣಕಾಲಿಗೂ ಸ್ವಲ್ಪ ಆಸರೆಯಾಗುತ್ತಿತ್ತು. ಎರಡು ಮನೆಯ ಪಾತ್ರೆ ಕೆಲಸ ಹಿಡಿದಿದ್ದಳು, ಅಲ್ಲಿಗೂ ಅದನ್ನು ತಳ್ಳಿಕೊಂಡೇ ಹೋಗುತ್ತಿದ್ದಳು.

ಒಂದು ಶುಕ್ರವಾರ ಸಂಜೆ ಜಹಾಂಗೀರ್ ಸಾಬರು ವಿಳಾಸ ಹುಡುಕಿಕೊಂಡು ಬಂದರು. ಲೋಕಲ್ ರೈಲಿಳಿದು ಹಫೀಜ್‌ಪೇಟೆಯಿಂದ ನಡೆದು ಬಂದಿದ್ದರು. ಸೈಕಲ್ಲು ಹೇಗೆ ಓಡುತ್ತಿದೆ, ಕಾಲು ತಾಗುವುದಿಲ್ಲ ತಾನೇ ಎಂದು ಕೇಳಿದರು.

"ಭಾಳ ಛಲೋ ಓಡಾಕತ್ತೈತ್ರಿ ಸಾಬ್ರ," ಎಂದಳು ಶರಣಬಸಮ್ಮ. "ಏನೂ ತ್ರಾಸಿಲ್ಲ."

ಗೋಡೆಗೆ ಒರಗಿಸಿದ್ದ ಸೈಕಲ್ಲಿನ ಬಳಿ ಅವರು ಕುಕ್ಕರಗಾಲಲ್ಲಿ ಕೂತರು. ಪೆಡಲಿನ ರಬ್ಬರು ಸವೆದಿರಲಿಲ್ಲ. ಬ್ರೇಕಿನ ರಬ್ಬರೂ ಹೊಸದರಂತೆಯೇ ಇತ್ತು. ನೀರು ತುಳುಕಿ ಸರಪಳಿ ಕೆಂಪಗೆ ತುಕ್ಕು ಹಿಡಿದಿತ್ತು. ಐವತ್ತು ವರ್ಷ ಸೈಕಲ್ಲು ನೋಡಿದವರಿಗೆ ಬೇರೆ ಏನೂ ಕೇಳಬೇಕಾಗಿರಲಿಲ್ಲ. ಅವರು ಮುಖ ಎತ್ತಿ ಅವಳ ಬಲಗೈಯನ್ನು ನೋಡಿದರು. ಅವಳು ಅದನ್ನು ಸೆರಗಿನ ಒಳಗೆ ತೆಗೆದುಕೊಂಡಳು.

ಜಹಾಂಗೀರ್ ಸಾಬರು ಚೀಲದಿಂದ ಎಣ್ಣೆಯ ಡಬ್ಬಿ ತೆಗೆದು, ಹಳೆಯ ಬಟ್ಟೆಯಿಂದ ಸರಪಳಿಯ ತುಕ್ಕನ್ನು ಕೊಂಡಿ ಕೊಂಡಿಯಾಗಿ ಒರೆಸಿ, ಹನಿ ಹನಿಯಾಗಿ ಎಣ್ಣೆ ಬಿಟ್ಟರು. ಅಂಬಾದಾಸ ಒಳಗಿನಿಂದ ಚಹಾ ತಂದು ಅವರ ಪಕ್ಕದಲ್ಲಿಟ್ಟ. ರಸ್ತೆಯಲ್ಲಿ ಟ್ಯಾಂಕರಿನ ಹಾರನ್ ಕೇಳಿಸಿತು. ಶರಣಬಸಮ್ಮ ಕೊಡಗಳನ್ನು ಎತ್ತಿಕೊಂಡು, ಅವರ ಕೆಲಸ ಮುಗಿಯಲಿ ಎಂದು ಸ್ವಲ್ಪ ಹೊತ್ತು ಕಾಯ್ದು ನಿಂತಳು.